ಗಿಡುಗನ ಸಹಿ

12 ಜನವರಿ 1974

ಮಾನ್ಯ ಅಮ್ಮನವರಿಗೆ,

ನಮಸ್ಕಾರ. ನಮ್ಮಿಬ್ಬರಿಗೂ ಪರಿಚಯವಿಲ್ಲ. ನಾನೊಬ್ಬ ಹಲ್ಲಿನ ಡಾಕ್ಟರು. ಹೊಟ್ಟೆಪಾಡಿಗೆ ಹಲ್ಲು ಕೀಳುತ್ತೇನೆ. ಹುಚ್ಚಿಗೆ, ವಿಮಾನಗಳು ಇನ್ನೂ ಬಿದಿರು, ಬಟ್ಟೆ, ತಂತಿಗಳಲ್ಲಿ ಕಟ್ಟಿದವಾಗಿದ್ದ ಕಾಲದ ವಸ್ತುಗಳನ್ನು ಕೂಡಿಡುತ್ತೇನೆ. ಪ್ರದರ್ಶನದ ಟಿಕೇಟು, ಮೊದಲ ಸಲ ಆಕಾಶದಲ್ಲಿ ಹೋದ ಅಂಚೆಯ ಲಕೋಟೆ, ಒಂದು ತುಕ್ಕು ಹಿಡಿದ ಸ್ಪಾರ್ಕ್ ಪ್ಲಗ್ಗು, ಎಲ್ಲಕ್ಕಿಂತ ಮುಖ್ಯವಾಗಿ ಆ ಕಾಲದ ಹಾರಾಟಗಾರರ ಹಸ್ತಾಕ್ಷರಗಳು. ಐವತ್ತಮೂರು ಸಹಿಗಳಿವೆ. ಎಲ್ಲವನ್ನೂ ಗಾಜಿನ ಕಟ್ಟು ಹಾಕಿಸಿ, ರೋಗಿಗಳು ಕೂರುವ ಕೋಣೆಯ ಗೋಡೆಗೆ ತೂಗುಹಾಕಿದ್ದೇನೆ. ಸೇತುವೆಯ ಕೆಳಗೆ ವಿಮಾನ ನುಗ್ಗಿಸಿದ ಇಬ್ಬರು ಅಣ್ಣತಮ್ಮಂದಿರ ಸಹಿಗಳನ್ನು ನೋಡುತ್ತಾ ದವಡೆ ಹಿಡಿದುಕೊಂಡು ಕೂತವರು ಅರೆಗಳಿಗೆ ನೋವು ಮರೆಯುತ್ತಾರೆ. ಮತ್ತೆ ನನ್ನ ಮುಖ ಕಂಡಾಗ ನೆನಪಾಗುತ್ತದೆ.

ಈ ಐವತ್ತಮೂರರಲ್ಲಿ ನನ್ನ ಜೀವ ಇರುವುದು ಒಂದರಲ್ಲಿ. ಅದು ನಿಮ್ಮ ತಂದೆಯವರದು. ಅಂಗೈಯಷ್ಟಗಲದ ಬಟ್ಟೆಯ ಮೇಲೆ ‘ಗಿಡುಗ’ ಎಂದು ಪೆನ್ಸಿಲ್ಲಿನಲ್ಲಿ ಬರೆದ ಸಹಿ. ನಮ್ಮಂಥ ಹುಚ್ಚರಿಗೊಂದು ಸಂಘವಿದೆ, ಅದಕ್ಕೊಂದು ಪತ್ರಿಕೆಯಿದೆ. ಹೋದ ಸಂಚಿಕೆಯಲ್ಲಿ ಒಬ್ಬ ಮಹಾಶಯರು ನನ್ನ ಬಳಿಯಿರುವ ಸಹಿ ನಕಲಿ ಎಂದು ಬರೆದಿದ್ದಾರೆ. ಗಿಡುಗನ ಕೈ ಎಂದೂ ನಡುಗುತ್ತಿರಲಿಲ್ಲ, ಈ ಅಕ್ಷರಗಳು ನಡುಗಿವೆ ಎನ್ನುವುದು ಅವರ ವಾದ. ನಾನು ಊಟ ಬಿಟ್ಟಿಲ್ಲ ಅಷ್ಟೇ, ನಿದ್ದೆ ಬಿಟ್ಟಿದ್ದೇನೆ.

ಗಿಡುಗನ ಮಗಳು ನಿಮ್ಮೂರಿನ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಾರೆಂದು ತಿಳಿದು ಬರೆಯುತ್ತಿದ್ದೇನೆ. ತಂದೆಯವರ ಕೈಬರಹದ ಒಂದು ಸಾಲಾದರೂ ನಿಮ್ಮಲ್ಲಿದ್ದರೆ ಅದರ ಪಡಿಯಚ್ಚು ಕಳಿಸುವಿರಾ?

ನಿಮ್ಮ ವಿಶ್ವಾಸಿ,
ಹಲ್ಲಿನ ಡಾಕ್ಟರು


25 ಜನವರಿ 1974

ಡಾಕ್ಟರೇ,

ನಿಮ್ಮ ಪತ್ರ ತಲುಪಿತು. ಪರಿಚಯ ಎಂಬಲ್ಲಿ ಒಂದು ಅಕ್ಷರ ನುಂಗಿದ್ದೀರಿ, ದವಡೆಗೆ ಒತ್ತು ಕೊಟ್ಟಿದ್ದೀರಿ. ಎರಡನ್ನೂ ನಿಮ್ಮ ಕಾಗದದ ಮೇಲೇ ತಿದ್ದಿಟ್ಟಿದ್ದೇನೆ. ತಪ್ಪು ತಿಳಿಯಬೇಡಿ, ನಲವತ್ತು ವರ್ಷದ ಚಾಳಿ.

ತಂದೆ ಸತ್ತಾಗ ನನಗೆ ಹನ್ನೊಂದು ತಿಂಗಳು. ಅವರ ಟೋಪಿ, ಚರ್ಮದ ಕೋಟು, ಫೋಟೋಗಳು, ಪದಕಗಳು ಎಲ್ಲವನ್ನೂ ಅಮ್ಮ ಒಂದೇ ಮಧ್ಯಾಹ್ನ ಹಿತ್ತಲಲ್ಲಿ ಸುಟ್ಟರಂತೆ. ಉಳಿದದ್ದು ಒಂದು ಕಾರ್ಡು. ನಾನು ಹುಟ್ಟಿದ ಸುದ್ದಿ ಕೇಳಿ ಹಾರಾಟದ ಊರಿನಿಂದ ಹಾಕಿದ್ದು. “ಮೂಗು ಯಾರ ಹಾಗಿದೆ ತಿಳಿಸು” ಎಂದಷ್ಟೇ ಇದೆ. ಅದರ ಮೇಲೆ ತೆಳುಕಾಗದವಿಟ್ಟು ಅಕ್ಷರಗಳನ್ನು ಎತ್ತಿ ಕಳಿಸುತ್ತಿದ್ದೇನೆ. ಕೊನೆಯಲ್ಲಿ ಮನೆಯಲ್ಲಿ ಕರೆಯುತ್ತಿದ್ದ ಹೆಸರಿದೆ, ಗಿಡುಗ ಎಂದಿಲ್ಲ. ಆ ಹೆಸರು ಜಾಹೀರಾತಿನವರು ಇಟ್ಟದ್ದು, ಅಮ್ಮನಿಗೆ ಕೇಳಿದರಾಗುತ್ತಿರಲಿಲ್ಲ. ಆದರೆ ‘ಗ’ ಮೂರು ಕಡೆ ಬಂದಿದೆ. ಅದರ ಕೊನೆಯ ಗೆರೆಯನ್ನು ಮೇಲಕ್ಕೆ ಎಳೆದುಬಿಡುತ್ತಿದ್ದರು. ನೋಡಿಕೊಳ್ಳಿ.

ನನಗೆ ವಿಮಾನದಲ್ಲಿ ಆಸಕ್ತಿಯಿಲ್ಲ. ನನ್ನ ತಂದೆಯನ್ನು ಕೊಂದದ್ದು ಅವರ ಮೆಕ್ಯಾನಿಕ್ಕು. ರೆಕ್ಕೆಯನ್ನು ಬಿಗಿದು ಹಿಡಿಯುವ ತಂತಿ ಸವೆದಿತ್ತು, ಅವನು ನೋಡಲಿಲ್ಲ. ವಿಚಾರಣೆಯಲ್ಲಿ ತಾನೇ ಒಪ್ಪಿಕೊಂಡ. ನಮ್ಮ ಪಾಲಿಗೆ ಅವನು ಅವತ್ತೇ ಸತ್ತ. ತಂದೆ ಬಿದ್ದ ಕೂಡಲೇ ಪ್ರಾಣ ಹೋಯಿತು, ನರಳಲಿಲ್ಲ ಎಂಬುದೊಂದೇ ಅಮ್ಮ ಕೊನೆಯವರೆಗೂ ಹೇಳಿಕೊಂಡ ಸಮಾಧಾನ.

ಇಂತು,
ಕರಡು ತಿದ್ದುವವಳು


2 ಫೆಬ್ರವರಿ 1974

ಮಾನ್ಯ ಅಮ್ಮನವರಿಗೆ,

ನಿಮಗೆ ಹೇಗೆ ಧನ್ಯವಾದ ಹೇಳಲಿ! ‘ಗ’ ತಾಳೆಯಾಯಿತು. ಭೂತಗನ್ನಡಿ ಹಿಡಿದು ಎರಡು ಗಂಟೆ ನೋಡಿದೆ. ಹೊರಗೆ ಒಬ್ಬರು ಬಾಯಿಗೆ ಹತ್ತಿಯಿಟ್ಟುಕೊಂಡು ಕಾಯುತ್ತಿದ್ದುದು ಮರೆತೇಹೋಗಿತ್ತು. ನಡುಕವಿದೆ, ನಿಜ, ಆದರೆ ಆ ಗೆರೆ ಹಾಗೇ ಮೇಲಕ್ಕೆ ಹೋಗಿದೆ. ಇನ್ನು ಪತ್ರಿಕೆಯ ಮಹಾಶಯರಿಗೆ ಏನು ಬರೆಯುತ್ತೇನೆ ನೋಡಿ.

ಆ ಬಟ್ಟೆ ಎಂಥದ್ದೆಂದು ನಿಮಗೆ ತಿಳಿಸಬೇಕು. ನಿಮ್ಮ ತಂದೆಯವರ ಕೊನೆಯ ವಿಮಾನದ ರೆಕ್ಕೆಗೆ ಬಿಗಿದಿದ್ದ ಬಟ್ಟೆಯೇ ಅದು. ವಾರ್ನಿಷಿನ ವಾಸನೆ ಈಗಲೂ ಇದೆ. ಹಳೆಯ ದರ್ಜಿಯೊಬ್ಬರ ಮನೆಯಿಂದ ನನಗೆ ಬಂತು. ಅವತ್ತು ಕುದುರೆ ಪಂದ್ಯದ ಬಯಲಿನಲ್ಲಿ ಹಾರುವ ಮುಂಚೆ ಗಿಡುಗ ತನ್ನ ಕೈಯಾರೆ ಸಹಿ ಹಾಕಿ ಆ ದರ್ಜಿಗೆ ಕೊಟ್ಟನಂತೆ. ಹಾಗೆಂದು ಆ ದರ್ಜಿ ಸಾಯುವತನಕ ಹೇಳುತ್ತಿದ್ದರು.

ನಿಮ್ಮ ವಿಶ್ವಾಸಿ,
ಹಲ್ಲಿನ ಡಾಕ್ಟರು


11 ಫೆಬ್ರವರಿ 1974

ಡಾಕ್ಟರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕರಡು ತಿದ್ದುವಾಗ ನಾವು ಕಾಗುಣಿತ ಮಾತ್ರ ನೋಡುವುದಿಲ್ಲ. ಮೇಲಿನ ಸಾಲು ಕೆಳಗಿನ ಸಾಲಿಗೆ ಒಪ್ಪುತ್ತದೆಯೇ ಎಂದೂ ನೋಡುತ್ತೇವೆ. ನಿಮ್ಮ ಸಾಲುಗಳು ಒಪ್ಪುತ್ತಿಲ್ಲ.

ಬಟ್ಟೆ ಆ ವಿಮಾನದ ರೆಕ್ಕೆಯದು ಎನ್ನುತ್ತೀರಿ. ಹಾರುವ ಮುಂಚೆ ಕೊಟ್ಟದ್ದು ಎನ್ನುತ್ತೀರಿ. ಇನ್ನೇನು ಹಾರಬೇಕಾದವನು ತನ್ನ ರೆಕ್ಕೆಯನ್ನೇ ಕತ್ತರಿಸಿ ಯಾರಿಗಾದರೂ ಕೊಡುತ್ತಾನೆಯೇ?

ಹಾಗಾದರೆ ಆ ಬಟ್ಟೆ ರೆಕ್ಕೆಯಿಂದ ಬಿಡಿಸಿದ್ದು ಬಿದ್ದ ಮೇಲೆ. ಸಹಿ ಹಾಕಿದ್ದು ಅದಕ್ಕೂ ಆಮೇಲೆ. ಕೈ ನಡುಗಿದ್ದೂ ಅದಕ್ಕೇ.

ಅಂದರೆ ಅವರು ಬದುಕಿದ್ದರು. ಎಷ್ಟು ಹೊತ್ತು?

ಆ ದರ್ಜಿ ಯಾರು? ಬಟ್ಟೆಯ ಹಿಂಬದಿಯಲ್ಲಿ ಏನಿದೆ? ಕಟ್ಟು ಬಿಚ್ಚಿ ನೋಡಿ ಕೂಡಲೇ ತಿಳಿಸಿ.

ಕರಡು ತಿದ್ದುವವಳು


4 ಮಾರ್ಚ್ 1974

ಡಾಕ್ಟರೇ,

ಮೂರು ವಾರವಾಯಿತು. ಒಂದು ಕಟ್ಟು ಬಿಚ್ಚಲು ನಾಲ್ಕು ಮೊಳೆ ಕೀಳಬೇಕು. ಹಲ್ಲಿಗಿಂತ ಸುಲಭ. ನಿಮ್ಮ ಆರೋಗ್ಯ ಸರಿಯಿದೆ ತಾನೇ?


30 ಮಾರ್ಚ್ 1974

ನೀವು ಕಟ್ಟು ಬಿಚ್ಚಿದ್ದೀರಿ. ನೋಡಬಾರದ್ದೇನೋ ನೋಡಿದ್ದೀರಿ. ನನಗೆ ಅರವತ್ತಮೂರು ವರ್ಷ. ಕಾಪಾಡಿಸಿಕೊಳ್ಳುವ ವಯಸ್ಸು ನನ್ನದಲ್ಲ, ಕಾಪಾಡುವ ಕೆಲಸ ನಿಮ್ಮದೂ ಅಲ್ಲ.


19 ಏಪ್ರಿಲ್ 1974

ಅಮ್ಮಾ,

ನಿಮ್ಮನ್ನು ಕಾಪಾಡಲು ಸುಮ್ಮನಿದ್ದೆ ಎಂದುಕೊಂಡಿರಿ. ಅದು ನಿಮ್ಮ ಒಳ್ಳೆಯತನ. ನಾನು ಕಾಪಾಡುತ್ತಿದ್ದುದು ಬೇರೆಯವರನ್ನು.

ಆ ದರ್ಜಿ ನನ್ನ ಅಜ್ಜ. ಅಮ್ಮನ ಅಪ್ಪ. ನಾನು ಅವರ ಅಂಗಡಿಯ ಮೇಜಿನ ಕೆಳಗೆ ಬಟ್ಟೆಚೂರುಗಳಲ್ಲಿ ಆಡಿ ಬೆಳೆದವನು. ಆ ಸಹಿ ಅಂಗಡಿಯ ಗೋಡೆಯ ಮೇಲಿತ್ತು. ನನ್ನ ಹುಚ್ಚು ಹತ್ತಿದ್ದೇ ಅದನ್ನು ನೋಡಿ. “ಹಳೆಯ ದರ್ಜಿಯೊಬ್ಬರ ಮನೆಯಿಂದ ನನಗೆ ಬಂತು” ಎಂದು ನಿಮಗೆ ಬರೆದೆನಲ್ಲ, ಸಂಗ್ರಹಕಾರರು ಹಾಗೇ ಬರೆಯುತ್ತೇವೆ. ನಮ್ಮ ಮನೆಯದೇ ಎಂದರೆ ಯಾರೂ ನಂಬುವುದಿಲ್ಲ ಎಂದು.

ನಿಮ್ಮ ಪತ್ರ ಬಂದ ಸಂಜೆಯೇ ಕಟ್ಟು ಬಿಚ್ಚಿದೆ. ನಮಗೆ ಕಾಣುತ್ತಿದ್ದುದು ಬಟ್ಟೆಯ ಕೆಳತುದಿ ಮಾತ್ರ. ಉಳಿದದ್ದನ್ನು ಹಿಂದಕ್ಕೆ ಮಡಚಿ ಸುತ್ತಲೂ ಹೊಲಿಗೆ ಹಾಕಲಾಗಿತ್ತು. ಒತ್ತೊತ್ತಾದ ಕೈಹೊಲಿಗೆ. ಯಾರ ಹೊಲಿಗೆ ಎಂದು ನನಗೆ ಯಾರೂ ಹೇಳಬೇಕಾಗಿಲ್ಲ. ನನ್ನ ಮೊದಲ ಅಂಗಿಯಿಂದ ಮದುವೆಯ ಕೋಟಿನವರೆಗೆ ಆ ಹೊಲಿಗೆಯಲ್ಲೇ ಇದ್ದವನು ನಾನು. ಬಿಚ್ಚಲು ಬ್ಲೇಡು ತೆಗೆದುಕೊಂಡೆ. ಒಂದೊಂದೇ ಎಳೆ ಕತ್ತರಿಸುವಾಗ ಅಜ್ಜನ ಕೈಬೆರಳನ್ನೇ ಕತ್ತರಿಸಿದ ಹಾಗಾಯಿತು.

ಒಳಗೆ ಬರಹವಿತ್ತು. ಒದ್ದೆಯಾದರೆ ನೇರಳೆಯಾಗುವ ಪೆನ್ಸಿಲ್ಲು ಗೊತ್ತಲ್ಲ, ಸಹಿ ಹಾಕಲು ಗಿಡುಗ ಯಾವಾಗಲೂ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದದ್ದು, ಅದರಲ್ಲಿ ಬರೆದದ್ದು. ಹಲವು ಕಡೆ ಅಕ್ಷರ ನೇರಳೆಯಾಗಿದೆ. ತೇವ ಎಲ್ಲಿಂದ ಬಂತೆಂದು ಬರೆಯಲಾರೆ. ತೆಳುಕಾಗದದಲ್ಲಿ ಎತ್ತಿ ಇದರ ಜೊತೆ ಇಟ್ಟಿದ್ದೇನೆ. ಓದಲು ಕಷ್ಟವಾದೀತೆಂದು ಇಲ್ಲೂ ಬರೆಯುತ್ತೇನೆ.

“ನನ್ನವಳೇ, ಎಂಜಿನ್ನು ಮೈಮೇಲಿದೆ. ನೋವು ಗೊತ್ತಾಗುತ್ತಿಲ್ಲ. ಬಲಗಡೆಯ ತಂತಿ ಸವೆದಿದ್ದು ಬೆಳಿಗ್ಗೆ ನಾನೇ ನೋಡಿದ್ದೆ. ನಿನ್ನ ತಮ್ಮ ಹಾರಬೇಡ ಅಂದ. ನಾನು ಕೇಳಲಿಲ್ಲ. ಅವನನ್ನು ಬಯ್ಯಬೇಡ. ಚಿಕ್ಕವನು. ನಿನ್ನ ಜೊತೆಗೇ ಇರಿಸಿಕೋ. ಈ ಬಟ್ಟೆ ಕತ್ತರಿಸಿದವನ ಕೈಲಿ ಕಳಿಸುತ್ತಿದ್ದೇನೆ. ಪಾಪ, ಅಳುತ್ತಿದ್ದಾನೆ. ಮಗುವಿಗೆ”

‘ಮಗುವಿಗೆ’ ಆದ ಮೇಲೆ ಏನೂ ಇಲ್ಲ. ಸ್ವಲ್ಪ ಜಾಗ. ಆಮೇಲೆ ಸಹಿ.

ಬಟ್ಟೆಯ ಮೂರು ಅಂಚುಗಳು ನೇರವಾಗಿ ಕತ್ತರಿಯಲ್ಲಿ ಕತ್ತರಿಸಿದ್ದು. ಅಂದರೆ ಅಜ್ಜ ಆ ಬಯಲಿಗೆ ಕತ್ತರಿ ಹಿಡಿದೇ ಓಡಿದ್ದಾರೆ. ಅವತ್ತು ಜನ ಮುಗಿಬಿದ್ದು ನೆನಪಿಗೆಂದು ವಿಮಾನದ ಚೂರುಚೂರನ್ನೂ ಕಿತ್ತುಕೊಂಡು ಹೋದರು ಎಂದು ಹಳೆಯ ಪತ್ರಿಕೆಯಲ್ಲಿ ಓದಿದ್ದೆ. ಓದಿ ಹೊಟ್ಟೆಕಿಚ್ಚು ಪಟ್ಟಿದ್ದೆ, ನನಗೂ ಒಂದು ಚೂರು ಸಿಕ್ಕಿದ್ದರೆ ಎಂದು. ಆ ರೆಕ್ಕೆಯ ಅಡಿಯಲ್ಲಿ ಜೀವವಿರುವ ಮನುಷ್ಯನಿದ್ದ. ಅವನು ಕೊಟ್ಟ ಕಾಗದವನ್ನು ನನ್ನ ಅಜ್ಜ ತಲುಪಿಸಲಿಲ್ಲ. ಮಡಚಿ ಹೊಲಿದು, ಸಹಿಯನ್ನು ಮಾತ್ರ ಗೋಡೆಗೆ ಹಾಕಿಕೊಂಡು, ಮೂವತ್ತೊಂಬತ್ತು ವರ್ಷ ಅದರ ಕೆಳಗೇ ಕೂತು ಬಟ್ಟೆ ಹೊಲಿದರು. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು “ಗಿಡುಗ ಕೈಯಾರೆ ಕೊಟ್ಟಿದ್ದು ಕಣೋ” ಎನ್ನುತ್ತಿದ್ದರು. ‘ಹಾರುವ ಮುಂಚೆ’ ಎಂದದ್ದೊಂದು ಬಿಟ್ಟರೆ ಅದು ಸುಳ್ಳಲ್ಲ ಎಂಬುದೇ ನನಗೀಗ ತಡೆಯಲಾಗದ್ದು.

ಮೆಕ್ಯಾನಿಕ್ಕು ನಿಮ್ಮ ಸೋದರಮಾವ ಎಂದು ನೀವು ತಿಳಿಸಿರಲಿಲ್ಲ. ಅವರು ತೀರಿಹೋಗಿದ್ದಾರೆಂದು ಬರೆದಿದ್ದಿರಿ. ಈ ಮಾತು ಕಿವಿಗೆ ಬೀಳದೆಯೇ ಅವರು ಹೋದರಲ್ಲ.

ಕ್ಷಮೆ ಕೇಳುವ ಯೋಗ್ಯತೆಯೂ ಇಲ್ಲದವನು,
ಹಲ್ಲಿನ ಡಾಕ್ಟರು


10 ಮೇ 1974

ಅಮ್ಮಾ,

ಈಗ ಕಾಯುವ ಸರದಿ ನನ್ನದು. ಗೋಡೆಯಿಂದ ಐವತ್ತಮೂರು ಕಟ್ಟುಗಳನ್ನೂ ಇಳಿಸಿದ್ದೇನೆ. ಗೋಡೆಯ ತುಂಬ ಚೌಕಚೌಕ ಬಿಳಿ ಕಲೆ. ಯಾಕೆ ಎಂದು ರೋಗಿಗಳು ಕೇಳಿದರೆ ಸುಣ್ಣ ಹೊಡೆಸಬೇಕು ಎನ್ನುತ್ತೇನೆ. ಒಂದು ಸಾಲು ಬರೆಯಿರಿ. ಬೈದಾದರೂ ಬರೆಯಿರಿ.


3 ಜೂನ್ 1974

ಡಾಕ್ಟರೇ,

ನನ್ನ ಸೋದರಮಾವ ಸತ್ತಿಲ್ಲ.

ನಮ್ಮ ಪಾಲಿಗೆ ಸತ್ತ ಎಂದು ಬರೆದಿದ್ದೆ. ನೀವು ಬೇರೆ ಅರ್ಥ ಮಾಡಿಕೊಂಡಿರಿ. ತಿದ್ದಬಹುದಿತ್ತು, ತಿದ್ದಲಿಲ್ಲ. ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ, ಒಂದು ಮಹಡಿಮೆಟ್ಟಿಲ ಅಡಿಯಲ್ಲಿ, ಕೊಡೆ ರಿಪೇರಿ ಮಾಡಿಕೊಂಡಿದ್ದಾನೆ. ಎಂಬತ್ತೆರಡು ವರ್ಷ. ಅಂದಿನಿಂದ ಎಂಜಿನ್ನು ಮುಟ್ಟಿಲ್ಲ. ನಾನು ದಿನಾ ಮುದ್ರಣಾಲಯಕ್ಕೆ ಹೋಗುವುದು ಆ ದಾರಿಯಲ್ಲೇ. ಅವನ ಅಂಗಡಿ ಹತ್ತಿರವಾದಾಗ ರಸ್ತೆ ದಾಟಿ ಆ ಕಡೆಯಿಂದ ಹೋಗುತ್ತೇನೆ. ಚಿಕ್ಕಂದಿನಲ್ಲಿ ಅಮ್ಮ ಕೈಹಿಡಿದು ದಾಟಿಸುತ್ತಿದ್ದರು. ಅಮ್ಮ ಹೋಗಿ ಹನ್ನೊಂದು ವರ್ಷವಾದರೂ ಕಾಲು ತಾನಾಗಿ ದಾಟುತ್ತದೆ.

ನಿಮ್ಮ ಪತ್ರ ಬಂದ ಮೇಲೆ ಐದು ವಾರ ನಾನು ಹಾಗೇ ರಸ್ತೆ ದಾಟಿದೆ. ಕಾಗದ ಕೈಚೀಲದಲ್ಲಿತ್ತು. ನಿರಪರಾಧಿಯನ್ನು ಅಮ್ಮ ಮನೆಯಿಂದ ಅಟ್ಟಿದರು, ನಾನು ಅರವತ್ತು ವರ್ಷ ಮುಖ ತಿರುಗಿಸಿದೆ. ಇದನ್ನು ಹಿಡಿದುಕೊಂಡು ಅವನೆದುರು ಹೇಗೆ ನಿಲ್ಲುವುದು?

ಹೋದ ಗುರುವಾರ ದಾಟಲಿಲ್ಲ. ಮಧ್ಯಾಹ್ನ ಹನ್ನೆರಡಿರಬೇಕು. ಅವನು ತಲೆ ಬಗ್ಗಿಸಿ ಕೊಡೆಯ ಕಡ್ಡಿಗೆ ತಂತಿ ಸುತ್ತುತ್ತಿದ್ದ.

“ಏನಾಗಿದೆ ಕೊಡೆಗೆ?” ಎಂದ, ನೋಡದೆ.

“ಕೊಡೆ ಅಲ್ಲ. ನಾನು ಅಕ್ಕನ ಮಗಳು.”

ಇಕ್ಕಳ ನಿಂತಿತು. ತಲೆ ಮಾತ್ರ ಎತ್ತಲಿಲ್ಲ. “ಗೊತ್ತು,” ಎಂದ. “ಚಪ್ಪಲಿ ಸದ್ದು ಗೊತ್ತು. ಇವತ್ಯಾಕೆ ಈ ಕಡೆ ಬಂತು ಅಂತ ನೋಡ್ತಿದ್ದೆ.”

ಬಾಯಲ್ಲಿ ಹೇಳಲಾಗದೆ ಕಾಗದ ಕೊಟ್ಟೆ. ಕನ್ನಡಕ ಒರೆಸಿಕೊಂಡು ಓದಿದ. ನಿಧಾನವಾಗಿ, ಬೆರಳಿಟ್ಟುಕೊಂಡು. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದ. ಅವನು ಅಳುತ್ತಾನೆ, ಇಲ್ಲವೇ ನನ್ನನ್ನು ಬಯ್ಯುತ್ತಾನೆ ಎಂದು ಕಾಯುತ್ತಿದ್ದೆ.

“ಇದು ಸುಳ್ಳು,” ಎಂದ.

“ಅಪ್ಪನ ಕೈಬರಹ ಮಾವ. ನಾನು ತಾಳೆ ನೋಡಿದೀನಿ.”

“ಕೈ ಅವನದ್ದೇ. ಹೇಳಿರೋದು ಸುಳ್ಳು.” ಅವನ ತುಟಿ ಬೆಳ್ಳಗಾಗಿತ್ತು. “ಆ ತಂತಿ ಬಿಗಿಯೋ ಜಾಗ ರೆಕ್ಕೆ ಅಡಿಗಿರುತ್ತೆ. ನೆಲದ ಮೇಲೆ ಅಂಗಾತ ಮಲಗಿ ನೋಡಬೇಕು. ನಿಮ್ಮಪ್ಪ ಒಂದಿನಾನೂ ಮಲಗಿ ನೋಡಿದೋನಲ್ಲ, ಕೋಟು ಕೊಳೆ ಆಗುತ್ತೆ ಅಂತ. ಅದು ನನ್ನ ಕೆಲಸ. ಅವತ್ತು ನಾನು ನೋಡಲಿಲ್ಲ.”

“ಯಾಕೆ?”

“ಜನ ನೋಡ್ತಾ ನಿಂತ್ಬಿಟ್ಟೆ ಕಣೇ. ಅಷ್ಟೊಂದು ಜನಾನ ಒಟ್ಟಿಗೆ ನೋಡಿರಲಿಲ್ಲ. ಇಪ್ಪತ್ತು ವರ್ಷ ನಂಗೆ. ಭಾವ ಸೀಟಿಗೆ ಹತ್ತಿ, ತಂತಿ ಎಲ್ಲ ನೋಡಿದ್ಯೇನೋ ಅಂದ. ಹೂಂ ಭಾವ, ನೋಡಿದೀನಿ ಅಂದೆ. ಬೆನ್ನು ತಟ್ಟಿದ. ಹೊರಟ. ಬಿದ್ದಾಗ ಆ ಜನದೊಳಗೆ ನುಗ್ಗಿ ನಾನು ಹತ್ತಿರ ಹೋಗೋಷ್ಟರಲ್ಲಿ ಜೀವ ಹೋಗಿತ್ತು.”

ರಸ್ತೆಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ನನಗೆ ಕೂರಲು ಜಾಗವಿರಲಿಲ್ಲ; ಮೆಟ್ಟಿಲ ಮೇಲೇ ಕೂತೆ.

“ಬೀಳುವಾಗ ಅವನಿಗೆ ಗೊತ್ತಾಗಿದೆ,” ಎಂದ ಮಾವ. “ಬಲಗಡೆ ರೆಕ್ಕೆ ಮಡಚಿಕೊಂಡಿತಲ್ಲ, ಆವಾಗಲೇ ಗೊತ್ತಾಗಿದೆ. ಹುಡುಗ ನೋಡಿಲ್ಲ, ಸುಳ್ಳು ಹೇಳಿದ ಅಂತ ಗೊತ್ತಾಗಿದೆ. ಗೊತ್ತಾಗೇ ಇದನ್ನ ಬರೆದಿದಾನೆ.”

ಡಾಕ್ಟರೇ, ಕಾಗದ ಹಿಡಿದ ಅವನ ಕೈಯನ್ನು ನಾನು ನೋಡುತ್ತಿದ್ದೆ. ಅರವತ್ತೆರಡು ವರ್ಷ ಈ ಮನುಷ್ಯ ತನ್ನ ತಪ್ಪನ್ನು ಹೊತ್ತುಕೊಂಡು, ಅದು ತನ್ನದೇ ಎಂದು ಒಪ್ಪಿಕೊಂಡು, ನಮ್ಮ ಬೀದಿಯ ಹತ್ತಿರವೇ ಬದುಕಿದ್ದಾನೆ. ಹೊರೆ ಅವನಿಗೆ ಅಭ್ಯಾಸವಾಗಿತ್ತು. ಈಗ ನಾನು ತಂದುಕೊಟ್ಟದ್ದು ಅದನ್ನು ಇಳಿಸಲಿಲ್ಲ, ದುಪ್ಪಟ್ಟು ಮಾಡಿತು. ಅವನು ಅಂಗಡಿಯ ಮೂಲೆಗೆ ಮುಖ ಮಾಡಿ ನಿಂತು ಗೋಡೆಗೆ ಹಣೆ ಒತ್ತಿಕೊಂಡ. ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತೋ, ಕನಿಕರ ಬರಬೇಕಿತ್ತೋ. ಬಂದದ್ದು ನನ್ನ ತಂದೆಯನ್ನು ನೆನೆದು ಭಯ. ಎಂಜಿನ್ನಿನ ಅಡಿಯಲ್ಲಿ ಬಿದ್ದುಕೊಂಡು ಒಬ್ಬ ಮನುಷ್ಯನಿಗೆ ಇಷ್ಟು ಸಲೀಸಾಗಿ ಸುಳ್ಳು ಬರೆಯಲು ಬರುತ್ತದೆಯೇ? ಅದನ್ನು ಮುಗಿಸುವುದರಲ್ಲಿ ನನ್ನ ಪಾಲಿನ ಮಾತಿಗೆ ಹೊತ್ತು ಸಾಲಲಿಲ್ಲ. ಆ ಖಾಲಿ ಜಾಗವನ್ನು ನೀವು ತೆಳುಕಾಗದದಲ್ಲೂ ಹಾಗೇ ಬಿಟ್ಟಿದ್ದೀರಿ. ಒಳ್ಳೆಯದು ಮಾಡಿದಿರಿ.

ಸಂಜೆ ಅವನನ್ನು ಮನೆಗೆ ಕರೆತಂದೆ. ಬರುವುದಿಲ್ಲ ಎಂದ. “ಜೊತೆಗೇ ಇರಿಸಿಕೋ ಅಂತ ಬರೆದಿದೆ, ಓದಲಿಲ್ವಾ?” ಎಂದೆ. ಒಂದು ಚೀಲ ಕೊಡೆಕಡ್ಡಿ ಹೆಗಲಿಗೆ ಹಾಕಿಕೊಂಡು ಹಿಂದೆ ಬಂದ.

ನಿಮ್ಮ ಅಜ್ಜನ ಬಗ್ಗೆ ಏನು ಬರೆಯಲಿ. ಆ ಕಾಗದ ಸಮಯಕ್ಕೆ ಬಂದಿದ್ದರೆ ಅಮ್ಮ ಆ ಸುಳ್ಳನ್ನು ನಂಬುತ್ತಿದ್ದರು. ನಾನು ಮಾವನ ಹೆಗಲ ಮೇಲೆ ಬೆಳೆಯುತ್ತಿದ್ದೆ. ಇದಕ್ಕಿಂತ ಹೆಚ್ಚು ಬರೆದರೆ ನಿಮ್ಮನ್ನು ಬೈದಂತಾಗುತ್ತದೆ. ನಿಲ್ಲಿಸುತ್ತೇನೆ.

ಕರಡು ತಿದ್ದುವವಳು


12 ಜೂನ್ 1974

ಅಕ್ಕಾ,

ಹಾಗೆ ಕರೆಯಬಹುದೇ? ಅಮ್ಮಾ ಎಂದು ಬರೆಯಲು ಇನ್ನು ಕೈ ಬರುವುದಿಲ್ಲ.

ನಿಮ್ಮ ಪತ್ರ ಓದುವಾಗ ಕುರ್ಚಿಯಲ್ಲಿ ಒಬ್ಬರು ಬಾಯಿ ತೆರೆದು ಮಲಗಿದ್ದರು. ಅವತ್ತು ಯಾರ ಹಲ್ಲೂ ಕೀಳಲಿಲ್ಲ. ಎಲ್ಲರನ್ನೂ ವಾಪಸು ಕಳಿಸಿದೆ.

ಬಟ್ಟೆ ನಿಮ್ಮದು. ಅಂಚೆಗೆ ಹಾಕುವುದಿಲ್ಲ. ಒಮ್ಮೆ ತಲುಪದೇ ಹೋದದ್ದು. ಈ ತಿಂಗಳ ಕೊನೆಯ ಭಾನುವಾರ ನಾನೇ ತರುತ್ತೇನೆ. ನೀವಿಬ್ಬರೂ ಬಾಗಿಲು ತೆರೆಯದಿದ್ದರೆ ಹೊಸ್ತಿಲಲ್ಲಿಟ್ಟು ಬರುತ್ತೇನೆ.

ಒಂದು ಮಾತು, ಕೇಳಲು ನಾಚಿಕೆಯಾದರೂ. ಅವತ್ತು ಅಥವಾ ಆಮೇಲೆ, ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡ ತೆಳ್ಳನೆಯ ಮನುಷ್ಯನನ್ನು ನೋಡಿದ ನೆನಪು ನಿಮ್ಮ ಮಾವನಿಗೆ ಇದೆಯೇ? ಅಜ್ಜ ಎಲ್ಲಿ ಹೋದರೂ ಟೇಪು ತೆಗೆಯುತ್ತಿರಲಿಲ್ಲ. ನೆನಪಿಲ್ಲದಿದ್ದರೆ ಬಿಡಿ. ನೋಡಿದ್ದರೂ ನನ್ನ ಅಜ್ಜನಿಗೆ ಅದರಿಂದ ಬಿಡುಗಡೆಯೇನಿಲ್ಲ.

ನಿಮ್ಮ ತಮ್ಮ


20 ಜೂನ್ 1974

ತಮ್ಮಾ,

ಕರೆಯಬಹುದು.

ನಿಮ್ಮ ಪ್ರಶ್ನೆಯನ್ನು ನಿನ್ನೆ ಬೆಳಿಗ್ಗೆ ಕೇಳಿದೆ. ಮಾವ ಜಗಲಿಯಲ್ಲಿ ಕೂತು ನಮ್ಮನೆಯ ಬಾಗಿಲಿನ ಕೀಲಿಗೆ ಎಣ್ಣೆ ಬಿಡುತ್ತಿದ್ದ. ಬಂದ ದಿನದಿಂದ ಅದೇ ಕೆಲಸ. ಮನೆಯಲ್ಲೀಗ ಯಾವ ಬಾಗಿಲೂ ಕಿರುಗುಟ್ಟುವುದಿಲ್ಲ, ಬೆಕ್ಕು ಗಾಬರಿಯಾಗಿದೆ. ಟೇಪು ಎನ್ನುವ ಮಾತು ಬಾಯಿಂದ ಬಂತೋ ಇಲ್ಲವೋ, ಎಣ್ಣೆಯ ಡಬ್ಬಿ ಕೈಜಾರಿತು.

“ಕುತ್ತಿಗೇಲಿ ಟೇಪು,” ಎಂದ. “ಹಳದಿ ಟೇಪು.”

ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ಒಂದಕ್ಷರ ತಿದ್ದದೆ.

“ಭಾವ ಹೋಗಿ ಹತ್ತು ದಿನ ಆಗಿತ್ತು. ಅಕ್ಕ ನನ್ನ ಮುಖ ನೋಡಲ್ಲ ಅಂದಿದ್ಲು. ನಾನು ವಿಮಾನದ ಶೆಡ್ಡಲ್ಲೇ ಮಲಗ್ತಿದ್ದೆ. ದಿನಾ ಯಾರಾದ್ರೂ ಬರೋರು. ಗಿಡುಗನ ಟೋಪಿ ಇದೆಯಾ, ಗುಂಡಿ ಇದೆಯಾ, ಫೋಟೋ ಇದೆಯಾ, ಕೊಡ್ತೀಯಾ ಅಂತ. ಹದ್ದುಗಳ ಥರ. ಅವತ್ತು ಇವನು ಬಂದ. ಬಾಗಿಲಲ್ಲಿ ನಿಂತ. ಗಿಡುಗನ ಹೆಂಡತಿ ಮನೆ ಎಲ್ಲಿ, ವಿಳಾಸ ಹೇಳ್ತೀರಾ ಅಂದ. ಯಾಕೆ ಅಂದೆ. ಅವರಿಗೇ ಹೇಳ್ಬೇಕು ಅಂದ. ಕೈ ಅಂಗಿ ಒಳಗಿತ್ತು, ಏನೋ ಹಿಡ್ಕೊಂಡಿದ್ದ. ಅಕ್ಕನ್ನೂ ಬಿಡಲ್ವೇನೋ ಹೆಣ ತಿನ್ನೋನೇ ಅಂದೆ. ಇಲ್ಲ ಕೇಳಿ ಕೇಳಿ ಅಂತ ಹತ್ತಿರ ಬಂದ. ನನ್ನ ಕೈಲಿ ಸ್ಪ್ಯಾನರ್ ಇತ್ತು. ಬಾಯಿ ಮೇಲೆ ಬಿಟ್ಟೆ. ಟೇಪಿನ ಮೇಲೆಲ್ಲ ರಕ್ತ ಸುರೀತು. ಆದ್ರೂ ಹೋಗ್ದೆ ನಿಂತಿದ್ದ. ಇನ್ನೊಂದ್ಸಲ ಎತ್ತಿದೆ. ಆಗ ಓಡಿದ.”

ಇಷ್ಟು ಹೇಳಿ ಮಾವ ನನ್ನನ್ನೇ ನೋಡಿದ. “ಅವನ ಕೈಲಿದ್ದಿದ್ದು ಇದಾ?” ಎಂದ. ನಾನು ಉರುಳಿದ ಎಣ್ಣೆಯ ಡಬ್ಬಿಯನ್ನು ಎತ್ತಿ ನಿಲ್ಲಿಸಿದೆ.

ನಿಮ್ಮ ಅಜ್ಜ ತಂದಿದ್ದರು, ತಮ್ಮಾ. ತನ್ನನ್ನೇ ಉಳಿಸಲು ಬಂದ ಕಾಗದವನ್ನು ನನ್ನ ಮಾವ ಹೊಡೆದು ಓಡಿಸಿದ. ಹೋದ ಪತ್ರದಲ್ಲಿ ನಾನು ಬರೆದದ್ದನ್ನು, ಬರೆಯದೆ ಬಿಟ್ಟದ್ದನ್ನೂ, ವಾಪಸು ತೆಗೆದುಕೊಳ್ಳುತ್ತೇನೆ. ಆಮೇಲೆ ಅಂಚೆಗೆ ಯಾಕೆ ಹಾಕಲಿಲ್ಲ, ಇನ್ನೊಮ್ಮೆ ಯಾಕೆ ಬರಲಿಲ್ಲ ಎಂದು ಕೇಳಬಹುದು. ಮುಂದಿನ ತಿಂಗಳೇ ಅಮ್ಮ ನನ್ನನ್ನೆತ್ತಿಕೊಂಡು ಊರು ಬಿಟ್ಟರು. ಯಾರಿಗೂ ವಿಳಾಸ ಕೊಟ್ಟಿರಲಿಲ್ಲ; ಮಾವ ವರ್ಷ ಕಳೆದ ಮೇಲೆ ತಾನೇ ಹುಡುಕಿಕೊಂಡು ಬಂದು ನಾಲ್ಕು ಬೀದಿ ಆಚೆ ನೆಲೆಸಿದ್ದು. ಉಳಿದದ್ದು ನಿಮ್ಮ ಅಜ್ಜನಿಗೇ ಗೊತ್ತು.

ಮಾವ ನಿನ್ನೆಯಿಂದ ಊಟ ಮುಟ್ಟಿಲ್ಲ. ಭಾನುವಾರ ಬನ್ನಿ. ಬಾಗಿಲು ತೆರೆದೇ ಇರುತ್ತದೆ, ಸದ್ದೂ ಮಾಡುವುದಿಲ್ಲ.

ಅಕ್ಕ


26 ಜೂನ್ 1974

ಅಕ್ಕಾ,

ಇದನ್ನು ನಿಮಗೆ ಮಾತ್ರ ಬರೆಯುತ್ತಿದ್ದೇನೆ. ಮಾವನಿಗೆ ತೋರಿಸಬೇಡಿ.

ನನ್ನ ಅಜ್ಜನಿಗೆ ಮುಂದಿನ ಎರಡು ಹಲ್ಲಿರಲಿಲ್ಲ. ಮೇಲ್ಗಡೆಯವು. ನಾನು ಹುಟ್ಟುವ ಮುಂಚೆಯೇ ಹೋಗಿದ್ದವು. ಆ ಸಂದಿಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡು ಬಟ್ಟೆಗೆ ಗುರುತು ಹಾಕುತ್ತಿದ್ದರು. ‘ಸ’ ಎನ್ನಲು ಬರುತ್ತಿರಲಿಲ್ಲ, ಗಾಳಿ ಹೋಗುತ್ತಿತ್ತು. ಗಿರಾಕಿಗಳು ನಗುತ್ತಿದ್ದರು. ನಾನು ಡಾಕ್ಟರಾಗಿ ಮೊದಲು ಕಟ್ಟಿದ ಹಲ್ಲುಗಳು ಅವರವೇ. ಹಾಕಿಸಿಕೊಂಡರು, ಒಂದು ವಾರ ಇಟ್ಟುಕೊಂಡರು, ತೆಗೆದು ಪೆಟ್ಟಿಗೆಯಲ್ಲಿಟ್ಟುಬಿಟ್ಟರು. “ಅಜ್ಜಾ, ಒತ್ತುತ್ತಾ?” ಎಂದೆ. “ಇಲ್ಲಪ್ಪ, ಚೆನ್ನಾಗಿ ಕಟ್ಟಿದೀಯ. ಆದ್ರೆ ಇದು ನಂಗೆ ಬೇಡ” ಎಂದರು. ನನ್ನ ಕೆಲಸದ ಮೇಲೆ ನಂಬಿಕೆಯಿಲ್ಲವೆಂದು ತಿಂಗಳುಗಟ್ಟಲೆ ಮುನಿಸಿಕೊಂಡಿದ್ದೆ.

ಹಲ್ಲು ಹೋದದ್ದು ಹೇಗೆ ಎಂದು ಚಿಕ್ಕಂದಿನಲ್ಲಿ ಕೇಳಿದರೆ ಒಂದೇ ಉತ್ತರ. “ಒಂದು ವಿಳಾಸ ಕೇಳಕ್ಕೆ ಹೋಗಿದ್ದೆ ಕಣೋ. ಆ ಹುಡುಗನ್ನ ಬಯ್ಯಬಾರದು. ಅವನ ದುಃಖ ದೊಡ್ಡದು.” ನಾವೆಲ್ಲ ಅಜ್ಜನ ತಮಾಷೆಯೆಂದು ನಗುತ್ತಿದ್ದೆವು. ಏಟು ತಿಂದವನು ಹೊಡೆದವನ ಪರವಾಗಿ ಹಾಗೆ ಮಾತಾಡುತ್ತಾನೆಯೇ ಎಂದು.

ಅವರು ಆ ಬರಹವನ್ನು ಓದಿದ್ದರು, ಅಕ್ಕ. ಅವನನ್ನು ಬಯ್ಯಬೇಡ ಎಂದು ಗಿಡುಗ ಬರೆದದ್ದನ್ನು ನಮ್ಮಿಬ್ಬರ ಮನೆಯಲ್ಲಿ ಪಾಲಿಸಿದವರು ಅವರೊಬ್ಬರೇ.

ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇನೆ. ಇದು ನಿಮ್ಮಲ್ಲೇ ಇರಲಿ. ಎಂಬತ್ತೆರಡರ ಜೀವಕ್ಕೆ ಇಷ್ಟು ಸಾಕು.

ನಿಮ್ಮ ತಮ್ಮ


ತಂತಿ ಸಂದೇಶ
29 ಜೂನ್ 1974, ಶನಿವಾರ, ಬೆಳಿಗ್ಗೆ 9.40

ನೀವು ಹೊರಡಬೇಡಿ. ನಿನ್ನೆ ನಾನಿಲ್ಲದಾಗ ಮಾವ ನಿಮ್ಮ ಪತ್ರ ಒಡೆದು ಓದಿಬಿಟ್ಟ. ಬೆಳಗಿನ ಬಸ್ಸಿಗೆ ಒಬ್ಬನೇ ಹೊರಟಿದ್ದಾನೆ. ತಡೆದರೂ ಕೇಳಲಿಲ್ಲ. ಸಂಜೆಯೊಳಗೆ ನಿಮ್ಮ ಬಾಗಿಲಿಗೆ ಬಂದು ದರ್ಜಿಯ ಮನೆ ಇದೇನಾ ಎಂದು ಕೇಳುತ್ತಾನೆ. ಒಳಗೆ ಕರೆಯಿರಿ.